ಸ್ಟೇರಿಂಗ್ ಹಿಡಿದವರಿಗೆ ದ್ವೀಪ ಕಾಣುವುದಿಲ್ಲ

ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗರ ನಡುವೆ, ಅವರನ್ನು ನೋಡಲು ಇಲ್ಲಿಂದ ಹೋಗುವ ಬಂಧುಬಳಗದ ನಡುವೆ, ಒಂದು ಮಾತು ಪ್ರಶ್ನಿಸಬಾರದ ಸತ್ಯದ ಹಾಗೆ ಓಡಾಡುತ್ತಿದೆ. ಬ್ರಿಸ್ಬೇನಿನ ಉತ್ತರಕ್ಕಿರುವ ಗರಿ ದ್ವೀಪವನ್ನು ನೋಡುವುದಾದರೆ ಫೋರ್ ವ್ಹೀಲ್ ಡ್ರೈವ್ ಗಾಡಿಯನ್ನು ಬಾಡಿಗೆಗೆ ಹಿಡಿದು, ತಾವೇ ಓಡಿಸಿಕೊಂಡು ನೋಡಬೇಕು. ‘ಬಸ್ಸಲ್ಲಿ ಏನಿದೆ ಮಾರಾಯ, ನಮ್ಮ ಟೈಮಿಗೆ ನಾವು ನಿಲ್ಲಿಸಿ ನೋಡ್ಬೇಕು’ ಎನ್ನುವುದು ಅದರ ಪಲ್ಲವಿ. ಟೂರಿನ ಬಸ್ಸಿನಲ್ಲಿ ಹೋಗಿಬಂದವರು ‘ನಾವೂ ಹೋಗಿದ್ವಿ’ ಎಂದರೆ ಎದುರಿಗಿರುವವರ ಮುಖದಲ್ಲಿ ಅನುಕಂಪ ಮೂಡುತ್ತದೆ, ತಿರುಪತಿಗೆ ಹೋಗಿ ದರ್ಶನವಾಗದೆ ಮರಳಿದವರ ಬಗ್ಗೆ ಮೂಡುವಂಥದ್ದು.

ಆ ಅನುಕಂಪಕ್ಕೆ ಅರ್ಹರು ಯಾರಾದರೂ ಇದ್ದರೆ ಅದು ಬಾಡಿಗೆ ಗಾಡಿಯ ಚಾಲಕ ಎಂಬುದು ನನ್ನ ವಾದ. ಆ ದ್ವೀಪದಲ್ಲಿ ಏನನ್ನೂ ನೋಡಲಾಗದ ಸೀಟು ಯಾವುದೆಂದರೆ ಆತ ಹಣ ಕೊಟ್ಟು ಕೊಂಡ ಸೀಟು. ಅಷ್ಟೇ ಆಗಿದ್ದರೆ ಅವರವರ ದುಡ್ಡು, ಅವರವರ ರಜೆ ಎಂದು ಸುಮ್ಮನಿರಬಹುದಿತ್ತು. ಆದರೆ ಆತ ನೋಡದೆ ಹಾಯ್ದುಹೋದದ್ದು ಆತನ ಚಕ್ರದ ಕೆಳಗೇ ಇರುತ್ತದೆ.

ಮೊದಲು ದ್ವೀಪದ ವಿಷಯ. ಬಹುಕಾಲ ಫ್ರೇಸರ್ ಐಲೆಂಡ್ ಎಂದು ನಕಾಶೆಗಳಲ್ಲಿದ್ದ ಇದಕ್ಕೆ 2023ರ ಜೂನಿನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಮೂಲನಿವಾಸಿ ಬುಚುಲ್ಲಾ ಜನ ಕರೆಯುವ ‘ಗರಿ’ ಎಂಬ ಹೆಸರನ್ನೇ ಅಧಿಕೃತವಾಗಿ ಮರಳಿಸಿತು. (ಬರೆಯುವಾಗ ಮುಂದೊಂದು ‘ಕೆ’ ಅಕ್ಷರವಿದೆ, ಹೇಳುವಾಗ ಅದು ಮಾಯ.) ಸುಮಾರು 120 ಕಿಲೋಮೀಟರ್ ಉದ್ದದ ಈ ನೆಲ ಪೂರ್ತಿ ಮರಳು, ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಮರಳು ದ್ವೀಪ ಇನ್ನೊಂದಿಲ್ಲ. ಬರೀ ಮರಳಾದರೆ ಅಷ್ಟೇನೂ ದೊಡ್ಡ ಸುದ್ದಿಯಲ್ಲ. ಆ ಮರಳಿನ ಮೇಲೆಯೇ ಎತ್ತರದ ಮಳೆಕಾಡು ಬೆಳೆದಿದೆ, ನೂರಕ್ಕೂ ಹೆಚ್ಚು ಸಿಹಿನೀರಿನ ಕೆರೆಗಳಿವೆ. ಕೆಲವು ಕೆರೆಗಳು ದಿಬ್ಬಗಳ ನಡುವೆ ಅಂತರ್ಜಲಕ್ಕಿಂತ ಬಹಳ ಮೇಲೆ ನಿಂತಿವೆ: ಸಾವಿರಾರು ವರ್ಷ ಉದುರಿದ ಎಲೆ ಕೊಳೆತು, ಮರಳಿನೊಂದಿಗೆ ಬೆರೆತು ಗಟ್ಟಿಯಾದ ಪದರವೇ ಅವುಗಳ ತಳ. ಹೊಳೆ ಬಂದು ಸೇರುವುದಿಲ್ಲ, ಬುಗ್ಗೆ ಉಕ್ಕುವುದಿಲ್ಲ, ಆಕಾಶದಿಂದ ಬಿದ್ದ ನೀರೇ ಆಸ್ತಿ. ಈ ಬಗೆಯ ಕೆರೆಗಳಲ್ಲಿ ಜಗತ್ತಿನಲ್ಲೇ ದೊಡ್ಡದೆನಿಸಿಕೊಂಡ ಬೂಮಂಜಿನ್ ಇಲ್ಲಿಯೇ ಇದೆ. 1992ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಇಂಥ ಕಾರಣಗಳಿಗಾಗಿ. ಜೀಪು ಓಡಿಸಲು ಹೇಳಿ ಮಾಡಿಸಿದ ಜಾಗ ಎಂಬುದು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಈಗ ‘ನಮ್ಮ ಟೈಮಿಗೆ ನಾವು’ ಎಂಬ ಮಾತಿಗೆ ಬರೋಣ. ಗರಿಯಲ್ಲಿ ಸಮಯ ಯಾರದ್ದು? ಸಮುದ್ರದ್ದು. ದ್ವೀಪದ ಪೂರ್ವ ದಂಡೆಯ ಉದ್ದಕ್ಕೂ ಇರುವ ‘ಎಪ್ಪತ್ತೈದು ಮೈಲಿ ಬೀಚು’ ಅಲ್ಲಿನ ಹೆದ್ದಾರಿ. ಅದರ ಮೇಲೆ ಗಾಡಿ ಓಡುವುದು ಇಳಿತದ ಹೊತ್ತಿನಲ್ಲಿ, ಅಲೆ ಹಿಂದೆ ಸರಿದು ಒದ್ದೆ ಮರಳು ಗಟ್ಟಿಯಾಗಿರುವ ಕೆಲವು ಗಂಟೆಗಳಲ್ಲಿ ಮಾತ್ರ. ಉಬ್ಬರದ ಎರಡು ಗಂಟೆ ಮೊದಲು, ಎರಡು ಗಂಟೆ ನಂತರ ಬೀಚಿಗೆ ಇಳಿಯಬೇಡಿ ಎಂದು ಎಲ್ಲರೂ ಎಚ್ಚರಿಸುತ್ತಾರೆ. ಇಳಿತದ ವೇಳೆ ದಿನದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದೆ ಸರಿಯುತ್ತದೆ; ಇವತ್ತು ಅನುಕೂಲವಾದ ವೇಳಾಪಟ್ಟಿ ನಾಳೆಗೆ ಬರುವುದಿಲ್ಲ. ಹೀಗಾಗಿ ಸ್ವತಂತ್ರ ಪ್ರವಾಸಿಯ ಕೈಯಲ್ಲಿ ಸದಾ ಉಬ್ಬರವಿಳಿತದ ಕೋಷ್ಟಕ, ಕಣ್ಣು ಗಡಿಯಾರದ ಮೇಲೆ. ಕೆರೆಯಲ್ಲಿ ಮಕ್ಕಳು ಇನ್ನೂ ಆಡುತ್ತಿದ್ದರೂ ‘ಏಳ್ರೋ, ನೀರು ಏರುತ್ತೆ’ ಎಂದು ಎಬ್ಬಿಸಬೇಕು. ಬಸ್ಸಿಗೂ ಇದೇ ಸಮುದ್ರ, ಒಪ್ಪಿದೆ. ಆದರೆ ಆ ಚಿಂತೆಗೆಂದೇ ಸಂಬಳ ಪಡೆಯುವ ಒಬ್ಬ ಚಾಲಕ ಅಲ್ಲಿ ಮುಂದೆ ಕೂತಿರುತ್ತಾನೆ. ಹಿಂದಿನ ಸೀಟಿನವರ ತಲೆ ಖಾಲಿ, ಕಣ್ಣು ಕಿಟಕಿಯ ಆಚೆ.

ಬಾಡಿಗೆಯ ಕರಾರುಪತ್ರವನ್ನು ಪೂರ್ತಿ ಓದಿದವರಿಗೆ ಈ ಸ್ವಾತಂತ್ರ್ಯದ ನಿಜವಾದ ಅಳತೆ ಗೊತ್ತಾಗುತ್ತದೆ. ಊರೊಳಗಿನ ಸಾಮಾನ್ಯ ಬಾಡಿಗೆ ಕಂಪನಿಗಳು ಮರಳಿಗೆ ಗಾಡಿ ಇಳಿಸಲು ಬಿಡುವುದೇ ಇಲ್ಲ. ಹರ್ವೀ ಬೇ, ರೈನ್‌ಬೋ ಬೀಚ್ ಕಡೆಯ, ದ್ವೀಪಕ್ಕೆಂದೇ ಗಾಡಿ ಕೊಡುವವರನ್ನು ಹುಡುಕಬೇಕು. ಅಲ್ಲಿ ಸಹಿ ಹಾಕಿಸಿಕೊಳ್ಳುವ ಷರತ್ತುಗಳಲ್ಲಿ ಮೊದಲನೆಯದು ಸಾಮಾನ್ಯವಾಗಿ ಉಪ್ಪುನೀರಿನದು. ಸಮುದ್ರದ ನೀರು ತಗುಲಿ ಆದ ಹಾನಿಗೆ ವಿಮೆ ಇಲ್ಲ. ಒಂದು ಬದಿಯಲ್ಲಿ ಸಮುದ್ರವನ್ನೇ ಇಟ್ಟುಕೊಂಡು ಹತ್ತಾರು ಕಿಲೋಮೀಟರ್ ಓಡಿಸಬೇಕಾದ ಗಾಡಿಗೆ ಸಮುದ್ರದಿಂದ ರಕ್ಷಣೆ ಇಲ್ಲ! ತಪ್ಪು ಅಂದಾಜಿನಿಂದ ಅಲೆಗೆ ಸಿಕ್ಕಿದ ಗಾಡಿಯ ಪೂರ್ತಿ ಬೆಲೆ ಚಾಲಕನ ತಲೆಗೆ ಬರಬಹುದು. ಇಷ್ಟು ಭಯ ಹೊತ್ತುಕೊಂಡ ಮನುಷ್ಯ ಬಲಗಡೆ ಸಮುದ್ರ, ಎಡಗಡೆ ಬಣ್ಣಬಣ್ಣದ ಮರಳುಗೋಡೆ ಇದ್ದರೂ ನೋಡುವುದು ಮುಂದಿನ ಐವತ್ತು ಅಡಿ ಮರಳನ್ನು.

ಅವನು ಅದನ್ನು ನೋಡಲೇಬೇಕು, ನೋಡದಿದ್ದರೆ ಸಾಯುತ್ತಾನೆ. ಇದು ಅತಿಶಯೋಕ್ತಿಯಲ್ಲ. ಆ ಬೀಚಿನಲ್ಲಿ ವೇಗದ ಮಿತಿ ಗಂಟೆಗೆ 80 ಕಿಲೋಮೀಟರ್. ರಸ್ತೆಯ ಎಲ್ಲ ಕಾನೂನೂ ಅಲ್ಲಿಗೆ ಅನ್ವಯ: ಸೀಟ್ ಬೆಲ್ಟು, ಕುಡಿತದ ತಪಾಸಣೆ, ಎಲ್ಲವೂ. ಅದರ ಜೊತೆಗೆ ಬೀಚಿನ ಮೇಲೇ ಇಳಿದು ಏರುವ ಸಣ್ಣ ವಿಮಾನಗಳಿಗೆ ದಾರಿ ಬಿಡಬೇಕು. ಇಳಿತದ ಹೊತ್ತಿಗೆ ಮರಳು ಎಷ್ಟು ನುಣುಪಾಗಿ, ಚಪ್ಪಟೆಯಾಗಿ ಕಾಣುತ್ತದೆಂದರೆ ಹೊಸಬರ ಕಾಲು ತಾನಾಗಿ ಆಕ್ಸಲರೇಟರನ್ನು ಒತ್ತುತ್ತದೆ. ಆದರೆ ಒಳನಾಡಿನಿಂದ ಹರಿದು ಬರುವ ತೊರೆಗಳು ಬೀಚನ್ನು ಅಡ್ಡವಾಗಿ ಸೀಳುತ್ತವೆ; ಅಂಚಿನಲ್ಲಿ ಮೆಟ್ಟಿಲಿನಂಥ ಕಡಿತ ಬೀಳುತ್ತದೆ, ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇರುವುದಿಲ್ಲ. ಹತ್ತಿರ ಬಂದ ಮೇಲೆ ಕಂಡು, ಗಾಬರಿಯಿಂದ ಸ್ಟೇರಿಂಗ್ ತಿರುಗಿಸಿದರೆ ಎತ್ತರದ ಗಾಡಿ ಮಗುಚುತ್ತದೆ. ಬೆನ್ನಿಗೆ ಚೀಲ ಕಟ್ಟಿಕೊಂಡು ಜಗತ್ತು ಸುತ್ತುವ ಹುಡುಗ ಹುಡುಗಿಯರು ಟ್ರೂಪ್ ಕ್ಯಾರಿಯರ್ ಗಾಡಿಗಳಲ್ಲಿ ಕಿಕ್ಕಿರಿದು, ಸಾಮಾನನ್ನು ಛಾವಣಿಗೆ ಕಟ್ಟಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಇಂಥ ಅಪಘಾತಗಳು ಪ್ರಾಣ ತೆಗೆದವು. 2009ರಲ್ಲಿ ನಿಯಮ ಬಿಗಿಯಾಯಿತು: ಗಾಡಿಗೆ ಎಂಟು ಜನಕ್ಕಿಂತ ಹೆಚ್ಚಿಲ್ಲ, ಛಾವಣಿಯ ಮೇಲೆ ಸಾಮಾನಿಲ್ಲ. ಬಿಡಿಬಿಡಿಯಾಗಿ ಹೋಗುತ್ತಿದ್ದವರು ಮುಂದೊಬ್ಬ ಗೈಡಿನ ಗಾಡಿ, ಹಿಂದೆ ಸಾಲಾಗಿ ಉಳಿದವು ಎಂಬ ಪದ್ಧತಿಗೆ ಒಗ್ಗಿಕೊಂಡರು. ‘ಬೇಕಾದ ಹಾಗೆ ಓಡಿಸಿಕೊಂಡು ಹೋಗು’ ಎಂಬ ಮಾತನ್ನು ದ್ವೀಪ ಎಂದೋ ಹಿಂದಕ್ಕೆ ಪಡೆದಿದೆ. ನಮ್ಮ ವಾಟ್ಸಾಪ್ ಗುಂಪುಗಳಿಗೆ ಇನ್ನೂ ತಲುಪಿಲ್ಲ.

ನಮ್ಮವರಿಗೆ ಇಲ್ಲೊಂದು ವಿಶೇಷ ಅಪಾಯವೂ ಇದೆ. ಆಸ್ಟ್ರೇಲಿಯಾದಲ್ಲೂ ನಮ್ಮ ಹಾಗೆ ಎಡಬದಿಯ ಸಂಚಾರ, ಬಲಗಡೆ ಸ್ಟೇರಿಂಗ್. ಯುರೋಪಿಗೆ ಹೋದವರು ಗಾಡಿ ಹಿಡಿಯಲು ತುಸು ಹೆದರುತ್ತಾರೆ. ಇಲ್ಲಿ ಆ ಹೆದರಿಕೆಯೂ ಇರುವುದಿಲ್ಲ. ಊರಲ್ಲಿ ಥಾರ್ ಇದೆ, ಸಕಲೇಶಪುರದ ಎಸ್ಟೇಟಿನ ಕೆಸರಲ್ಲಿ ಓಡಿಸಿದ್ದೇನೆ, ಇದೇನು ಮಹಾ ಎಂಬ ಧೈರ್ಯ ಬೇರೆ. ಕೆಸರಿನ ವಿದ್ಯೆ ಮರಳಿಗೆ ಬರುವುದಿಲ್ಲ. ಮರಳಿನಲ್ಲಿ ಟೈರಿನ ಗಾಳಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ, 18-20 ಪಿಎಸ್‌ಐವರೆಗೆ ಇಳಿಸಬೇಕು, ಟೈರು ಅಗಲವಾಗಿ ಹರಡಿ ಭಾರ ಹಂಚಲಿ ಎಂದು. ಗಾಳಿ ಇಳಿದ ಟೈರಿನಲ್ಲಿ ವೇಗವಾಗಿ ಹೋಗಿ ಜೋರಾಗಿ ತಿರುಗಿಸಿದರೆ ಟೈರು ರಿಮ್ಮಿನಿಂದ ಕಳಚಬಹುದು. ಹೂತುಕೊಂಡಾಗ ಇನ್ನಷ್ಟು ಆಕ್ಸಲರೇಟರ್ ಕೊಟ್ಟರೆ ಗಾಡಿ ಹೊಟ್ಟೆಯವರೆಗೆ ಇಳಿಯುತ್ತದೆ. ಇವೆಲ್ಲ ಕಲಿಯಬಹುದಾದ ವಿದ್ಯೆಗಳೇ. ಆದರೆ ಗಾಡಿ ಕೊಡುವ ಮುನ್ನ ತೋರಿಸುವ ಒಂದು ವಿಡಿಯೊದಿಂದ ಬರುವಂಥವಲ್ಲ. ಅವನ್ನು ಕಲಿಯುತ್ತಾ ಕಳೆಯುವುದು ಅದೇ ದುಬಾರಿ ರಜೆಯನ್ನು.

ಇಷ್ಟೆಲ್ಲ ಮಾಡಿ ಸ್ವಂತ ಗಾಡಿಯವರು ನೋಡುವುದಾದರೂ ಏನನ್ನು? ಬಸ್ಸಿನವರು ನೋಡುವುದನ್ನೇ, ಅದೇ ಕ್ರಮದಲ್ಲಿ. ಮಹೆನೊ ಹಡಗಿನ ಅವಶೇಷ, ಈಲೈ ತೊರೆ, ಮೆಕೆಂಝಿ ಕೆರೆ, ಇಂಡಿಯನ್ ಹೆಡ್ ಎಂಬ ಭೂಶಿರ. ಮಹೆನೊ 1905ರ ಹಡಗು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತ ಆಸ್ಪತ್ರೆ. 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದೊಯ್ಯುವಾಗ ಚಂಡಮಾರುತಕ್ಕೆ ಸಿಕ್ಕಿ ಈ ದಂಡೆಗೆ ಬಂದು ಬಿತ್ತು. ಅದರ ತುಕ್ಕುಹಿಡಿದ ಪಕ್ಕೆಲುಬುಗಳ ಮುಂದೆ ಗಾಡಿಗಳ ಸಾಲು, ಸೆಲ್ಫಿ, ಮತ್ತೆ ಎಂಜಿನ್ ಶುರು. ಈಲೈ ತೊರೆ ಗಂಟೆಗೆ ಲಕ್ಷಾಂತರ ಲೀಟರು ಸಿಹಿನೀರನ್ನು ಸಮುದ್ರಕ್ಕೆ ಸುರಿಯುತ್ತದೆ, ಅದರಲ್ಲಿ ತೇಲುತ್ತಾ ಬರುವುದು ನಿಜಕ್ಕೂ ಸುಖ. ಆದರೆ ರಜೆಯ ದಿನಗಳಲ್ಲಿ ತೊರೆಯ ಬಾಯಲ್ಲಿ ನಿಲ್ಲುವ ಗಾಡಿಗಳ ಗೋಡೆ ನೋಡಿದರೆ ಮಾಲಿನ ಪಾರ್ಕಿಂಗೇ ನೆನಪಾಗುವುದು. ಒಂದು ಬಸ್ಸಿನಲ್ಲಿ ಬರುವ ನಲವತ್ತು ಜನ ಸ್ವಂತ ಗಾಡಿಯಲ್ಲಿ ಬಂದರೆ ಎಂಟು-ಹತ್ತು ಗಾಡಿಗಳಾಗುತ್ತವೆ. ವರ್ಷಕ್ಕೆ ಲಕ್ಷಾಂತರ ಜನ ಬರುವ ಜಾಗದಲ್ಲಿ ಈ ಗುಣಾಕಾರ ಸಣ್ಣದಲ್ಲ.

ಇನ್ನು ನೋಡದೇ ಉಳಿಯುವುದು. ವಾಂಗೂಲ್ಬಾ ತೊರೆ ಬಿಳಿ ಮರಳಿನ ಮೇಲೆ ಸದ್ದೇ ಇಲ್ಲದೆ ಹರಿಯುತ್ತದೆ. ನೀರು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾದಷ್ಟು ತಿಳಿ. ಅದರ ದಡದಲ್ಲಿ ಆಳೆತ್ತರವನ್ನೂ ಮೀರಿದ ಎಲೆಗಳ ಬಲು ಪ್ರಾಚೀನ ಜಾತಿಯ ಜರೀಗಿಡಗಳಿವೆ. ಅಲ್ಲಿರುವುದು ಹಲಗೆಯ ಕಾಲುದಾರಿ, ಚಕ್ರಕ್ಕೆ ಪ್ರವೇಶವಿಲ್ಲ. ಡಿಲಿ ವಿಲೇಜಿನಿಂದ ಹ್ಯಾಪಿ ವ್ಯಾಲಿಯವರೆಗೆ ಕೆರೆಯಿಂದ ಕೆರೆಗೆ, ಕಾಡಿನಿಂದ ಕಾಡಿಗೆ ಹಾಯುವ 90 ಕಿಲೋಮೀಟರಿನ ‘ಗ್ರೇಟ್ ವಾಕ್’ ಇದೆ. ಪೂರ್ತಿ ನಡೆಯಲು ವಾರ ಬೇಕು, ತುಂಡು ತುಂಡಾಗಿಯೂ ನಡೆಯಬಹುದು. ದ್ವೀಪವನ್ನು ‘ನಿಜವಾಗಿ’ ನೋಡುವ ಹಟ ಇರುವವರಿಗೆ ಉತ್ತರ ಇಲ್ಲಿದೆ. ಆದರೆ ಮೂರು ದಿನಕ್ಕೆ ಗಾಡಿ ಬಾಡಿಗೆ ಕಟ್ಟಿದವರಿಗೆ ಗಾಡಿಯನ್ನು ನಿಲ್ಲಿಸಿದ ಪ್ರತಿ ಗಂಟೆಯೂ ನಷ್ಟದ ಗಂಟೆ. ಕೊಟ್ಟ ದುಡ್ಡು ಓಡಿಸು ಓಡಿಸು ಎನ್ನುತ್ತಿರುತ್ತದೆ.

ಇದು ಪ್ರವಾಸಿಯ ನಷ್ಟವಾಯಿತು. ದ್ವೀಪದ ನಷ್ಟ ಇದಕ್ಕಿಂತ ದೊಡ್ಡದು, ಮತ್ತು ಅದು ಕಣ್ಣಿಗೆ ಬೀಳದ ಜಾಗದಲ್ಲಿ ನಡೆಯುತ್ತದೆ. ಬೀಚು ಎಂದರೆ ಖಾಲಿ ಜಾಗ, ಅಲೆ ಬಂದು ಗುರುತು ಅಳಿಸಿದರೆ ಮುಗಿಯಿತು ಎಂಬ ನಂಬಿಕೆಯ ಮೇಲೆ ಈ ಇಡೀ ಉದ್ಯಮ ನಿಂತಿದೆ. ಗಾಡಿ ಓಡುವ ಆ ಒದ್ದೆ ಮರಳಿನೊಳಗೇ ‘ಪಿಪಿ’ ಎಂಬ ಚಿಪ್ಪುಜೀವಿ ಬದುಕುತ್ತದೆ, ನಮ್ಮ ಕರಾವಳಿಯ ಮರುವಾಯಿಯಂಥದ್ದು. ಅದರ ಮೇಲ್ಗಡೆಯ ಒಣ ಮರಳಿನಲ್ಲಿ ಹಗಲೆಲ್ಲ ಬಿಲದಲ್ಲಿದ್ದು ರಾತ್ರಿ ಹೊರಬರುವ ಗೋಸ್ಟ್ ಏಡಿಗಳು. ಸಾಗರತಜ್ಞ ಥಾಮಸ್ ಶ್ಲಾಹರ್ ಮತ್ತು ಸಂಗಡಿಗರು 2007-08ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನಗಳು ಆಸ್ಟ್ರೇಲಿಯಾದ ಈ ಪೂರ್ವ ಕರಾವಳಿಯಲ್ಲಿ ಏನಾಗುತ್ತಿದೆ ಎಂದು ತೋರಿಸಿದವು. ಮರಳೊಳಗೆ ಹುದುಗಿದ್ದರೂ ಪಿಪಿಗಳು ಚಕ್ರದ ಭಾರಕ್ಕೆ ಒಡೆಯುತ್ತವೆ. ಆಳದ ಬಿಲದಲ್ಲಿರುವ ಏಡಿ ಬದುಕುತ್ತದೆ, ಮೇಲ್ಪದರದ್ದು ಅಪ್ಪಚ್ಚಿಯಾಗುತ್ತದೆ, ರಾತ್ರಿ ಮರಳಿನ ಮೇಲೆ ಬಂದದ್ದಕ್ಕಂತೂ ಯಾವ ಆಸರೆಯೂ ಇಲ್ಲ. ಅಲೆ ಬಂದು ಚಕ್ರದ ಗುರುತನ್ನು ಅಳಿಸುವುದು ನಿಜ. ಸಾಕ್ಷ್ಯವನ್ನು ಅಳಿಸಿದ ಮಾತ್ರಕ್ಕೆ ಕೊಲೆ ಆಗಲಿಲ್ಲ ಎಂದಾಗುತ್ತದೆಯೆ? ಅಲೆ ತಲುಪದ ಮೇಲ್ದಂಡೆಯಲ್ಲಿ ಆ ಗುರುತುಗಳು ಆಳದ ಕಾಲುವೆಗಳಾಗಿ ಉಳಿಯುತ್ತವೆ. ಮೊಟ್ಟೆಯೊಡೆದು ಕಡಲಿನತ್ತ ಹೊರಟ ಆಮೆಮರಿಗೆ ಅಂಥ ಒಂದು ಕಾಲುವೆ ಸಾಕು, ದಾರಿ ತಪ್ಪಲು.

ಪಿಪಿಯ ಸಂಗತಿಯಲ್ಲಿ ಇನ್ನೊಂದು ಮಾತಿದೆ. ಬುಚುಲ್ಲಾ ಜನ ಸಾವಿರಾರು ವರ್ಷ ಉಂಡದ್ದು ಅದನ್ನೇ. ತಿಂದು ಬಿಟ್ಟ ಚಿಪ್ಪುಗಳ ದಿಬ್ಬಗಳು ಕರಾವಳಿಯ ಮರಳಗುಡ್ಡೆಗಳಲ್ಲಿ ಇಂದಿಗೂ ಇವೆ. ಅವು ಅವರ ಇತಿಹಾಸದ ಕಡತ. 2014ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ ಈ ನೆಲದ ಮೇಲೆ ಅವರ ಪಾರಂಪರಿಕ ಹಕ್ಕನ್ನು ಒಪ್ಪಿಕೊಂಡಿತು. ನೆಲಕ್ಕೆ ಒಳಿತಾದದ್ದು ಮೊದಲು ಎಂಬುದು ಅವರ ಮೂರು ಕಟ್ಟಳೆಗಳಲ್ಲಿ ಮೊದಲನೆಯದು. ಹೆಸರನ್ನು ಮರಳಿಸಿದ ಸರ್ಕಾರ ಆ ಕಟ್ಟಳೆಯನ್ನೂ ಜೊತೆಯಲ್ಲೇ ತೆಗೆದುಕೊಳ್ಳಬಹುದಿತ್ತು.

ಡಿಂಗೋ ನಾಯಿಗಳ ವಿಷಯಕ್ಕೂ ಗಾಡಿಗೂ ನಂಟಿದೆ. ಸ್ವಂತ ಗಾಡಿ ಎಂದರೆ ಐಸ್ ಪೆಟ್ಟಿಗೆ ತುಂಬ ಮಾಂಸ, ಬ್ರೆಡ್ಡು, ತಿಂಡಿ. ಮನಸ್ಸು ಬಂದಲ್ಲಿ ನಿಲ್ಲಿಸಿ ಹರಡಿಕೊಂಡು ತಿನ್ನುವುದು. ಬೇಲಿ ಹಾಕಿದ ಜಾಗಗಳನ್ನು ಬಿಟ್ಟು ಬೀಚಿನ ಉದ್ದಕ್ಕೂ ಮನುಷ್ಯರ ಊಟ ಚೆಲ್ಲಾಡಿದರೆ ಕಾಡುನಾಯಿ ಮನುಷ್ಯನ ಬೆನ್ನು ಹತ್ತುವುದನ್ನು ಕಲಿಯುತ್ತದೆ. 2001ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಅವುಗಳ ದಾಳಿಗೆ ಬಲಿಯಾದ. ಅದಕ್ಕೆ ಪ್ರತಿಯಾಗಿ ಹತ್ತಾರು ಡಿಂಗೋಗಳನ್ನು ಕೊಲ್ಲಲಾಯಿತು. 2023ರಲ್ಲಿ ಡಿಂಗೋಗಳ ಪಕ್ಕ ಸೆಲ್ಫಿ ತೆಗೆದುಕೊಂಡ ಇಬ್ಬರಿಗೆ ತಲಾ ಎರಡು ಸಾವಿರ ಡಾಲರಿಗೂ ಮಿಕ್ಕಿ ದಂಡ ಬಿತ್ತು. ಅದೇ ವರ್ಷ ಬೀಚಿನಲ್ಲಿ ಓಡುತ್ತಿದ್ದ ಮಹಿಳೆಯನ್ನು ಒಂದು ಗುಂಪು ಸಮುದ್ರದವರೆಗೂ ಅಟ್ಟಿ ಕಚ್ಚಿತು.

ಒಳನಾಡಿನ ದಾರಿಗಳ ಕಥೆ ಬೇರೆ. ‘ಆಫ್‌ರೋಡ್ ಸಾಹಸ’ ಎಂದು ಜನ ಹೆಮ್ಮೆಪಡುವ ಆ ಕುಲುಕಾಟದ ಹಾದಿಗಳಲ್ಲಿ ಬಹುಪಾಲು ಮರಕಡಿಯುವವರು ಮಾಡಿದ್ದು. 1863ರ ಸುಮಾರಿಗೆ ಶುರುವಾದ ಮರಕಡಿತ ನಿಂತದ್ದು 1991ರಲ್ಲಿ. ಇಲ್ಲಿನ ಸಟಿನೇ ಮರ ಸೂಯೆಜ್ ಕಾಲುವೆಯವರೆಗೂ ಹೋಗಿದೆ. ಅದರ ನಡುವೆ ಖನಿಜ ಮರಳಿನ ಗಣಿಗಾರಿಕೆ. ಅದನ್ನು ನಿಲ್ಲಿಸಲು 1971ರಲ್ಲಿ ಜಾನ್ ಸಿಂಕ್ಲೇರ್ ಎಂಬ ಹೋರಾಟಗಾರ ‘ಫೈಡೊ’ ಎಂಬ ಸಂಘಟನೆ ಕಟ್ಟಿದ. ಪ್ರಕರಣ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಪರಿಸರದ ಕಾರಣ ಕೊಟ್ಟು ಕೇಂದ್ರ ಸರ್ಕಾರ ರಫ್ತು ತಡೆಯಬಹುದು ಎಂದು 1976ರಲ್ಲಿ ತೀರ್ಪು ಬಂತು, ಆ ವರ್ಷದ ಕೊನೆಗೆ ಗಣಿ ಮುಚ್ಚಿತು. ಗಣಿಯನ್ನು ಗೆದ್ದ, ಕೊಡಲಿಯನ್ನು ಗೆದ್ದ ಅದೇ ಸಿಂಕ್ಲೇರ್ ಕೊನೆಯವರೆಗೂ ದೂರುತ್ತಿದ್ದದ್ದು ಈ ಗಾಡಿಗಳ ಬಗ್ಗೆ. ಚಕ್ರ ಸಡಿಲಿಸಿದ ಮರಳನ್ನು ಮಳೆ ಕೊಚ್ಚಿಕೊಂಡು ಹೋಗುತ್ತದೆ, ದಾರಿ ವರ್ಷವರ್ಷವೂ ಕೆಳಕ್ಕಿಳಿದು ಕಂದಕವಾಗುತ್ತದೆ. ಮರದ ದಿಮ್ಮಿ ಸಾಗಿಸಲು ಒಂದು ಕಾಲಕ್ಕೆ ಇದೇ ದ್ವೀಪದಲ್ಲಿ ಹಳಿ ಹಾಕಿದ್ದರಲ್ಲ, ಜನರನ್ನು ಸಾಗಿಸಲು ಒಂದು ಹಗುರ ರೈಲು ಏಕಾಗಬಾರದು ಎಂದು ಫೈಡೊ ಬಹಳ ಸಲ ಕೇಳಿತು. 2019ರಲ್ಲಿ ಸಿಂಕ್ಲೇರ್ ತೀರಿಕೊಂಡ. ರೈಲು ಬರಲಿಲ್ಲ.

ಎದುರುವಾದಗಳಿವೆ, ಒಂದೆರಡು ಗಟ್ಟಿಯಾದವೇ. ಊರಿಂದ ಬಂದ ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ, ಮಗುವಿಗೆ ಎರಡು ವರ್ಷ, ಬಸ್ಸಿನ ಗಡಿಬಿಡಿಗೆ ಅವರನ್ನು ಹೇಗೆ ಒಡ್ಡುವುದು ಎನ್ನುತ್ತಾರೆ. ಎಪ್ಪತ್ತರ ಬೆನ್ನುಮೂಳೆಗೆ ಬಾಡಿಗೆ ಜೀಪಿನ ಹಿಂದಿನ ಸೀಟು ಬಸ್ಸಿಗಿಂತ ಹಿತ ಎಂಬುದನ್ನು ನಾನು ನಂಬಲಾರೆ. ಒಳನಾಡಿನ ಆ ಹಾದಿಗಳಲ್ಲಿ ಗಂಟೆಗೆ 30 ಕಿಲೋಮೀಟರಿನ ಮಿತಿ ಇರುವುದು ಸುಮ್ಮನೆ ಅಲ್ಲ. ಅವರಿಗೆ ಬೇಕಾದದ್ದು ಪಶ್ಚಿಮದ ಶಾಂತ ದಡದಲ್ಲಿ ಒಂದು ಕೋಣೆ, ಒಂದು ದಿನದ ಬಸ್ ಸುತ್ತು, ಉಳಿದ ಹೊತ್ತು ಸುಮ್ಮನೆ ಕೂರುವುದು. ಗಾಡಿಗಳ ಪರವಾನಗಿ ಶುಲ್ಕದಿಂದ ಉದ್ಯಾನವನದ ನಿರ್ವಹಣೆ ನಡೆಯುತ್ತದೆ ಎಂಬುದು ಇನ್ನೊಂದು ವಾದ. ಗಾಡಿ ಮಾಡಿದ ಹಾನಿಯನ್ನು ಗಾಡಿಯ ದುಡ್ಡಿನಿಂದಲೇ ತೇಪೆ ಹಾಕುವ ಈ ಲೆಕ್ಕವನ್ನು ಹೊಗಳುವ ಮನಸ್ಸು ನನಗಿಲ್ಲ. ಅಲ್ಲಿನವರ ಹೊಟ್ಟೆಪಾಡಿನ ಮಾತು ಹಾಗಲ್ಲ, ಅದಕ್ಕೆ ತೂಕವಿದೆ. ಆದರೆ ಬಸ್ಸಿಗೆ ಚಾಲಕ ಬೇಕು, ಗೈಡ್ ಬೇಕು, ನೆಲ ಬಲ್ಲ ಬುಚುಲ್ಲಾ ತರುಣರು ಬೇಕು. ಕೀಲಿ ಕೈಗಿಟ್ಟು ಕಳಿಸುವ ಬಾಡಿಗೆ ಗಾಡಿಗೆ ಇವರ್ಯಾರೂ ಬೇಕಿಲ್ಲ. ಬಸ್ಸೂ ಬೀಚಿನ ಮೇಲೇ ಓಡುತ್ತದಲ್ಲ ಎಂದರೆ, ಹೌದು, ಓಡುತ್ತದೆ. ಅದರ ಕೆಳಗೂ ಪಿಪಿ ಸಾಯುತ್ತದೆ. ಹತ್ತು ಗಾಡಿಗೆ ಒಂದು ಬಸ್ಸು ಎಂಬುದಷ್ಟೇ ನನ್ನ ಸಮರ್ಥನೆ.

ಕೊಡಚಾದ್ರಿಗೆ ಹೋಗುವಾಗ ಇದೇ ಜನ ತಮ್ಮ ಕಾರನ್ನು ಕೆಳಗೆ ನಿಲ್ಲಿಸಿ ಸ್ಥಳೀಯರ ಜೀಪು ಹತ್ತುತ್ತಾರೆ. ಮಾಂದಲಪಟ್ಟಿಗೂ ಅಷ್ಟೇ. ಆ ಚಾಲಕನಿಗೆ ಪ್ರತಿ ಕೊರಕಲೂ ಗೊತ್ತು ಎಂಬ ನಂಬಿಕೆಯಿಂದ ಕಂಬಿ ಹಿಡಿದು ಕೂರುತ್ತಾರೆ, ತಮ್ಮ ಸ್ವಾತಂತ್ರ್ಯ ಹೋಯಿತೆಂದು ಯಾರೂ ಕೊರಗಿದ್ದನ್ನು ನಾನು ಕೇಳಿಲ್ಲ. ಅದೇ ಮನುಷ್ಯ ಬ್ರಿಸ್ಬೇನಿಗೆ ಇಳಿದ ಕೂಡಲೇ ಪರದೇಶದ ಮರಳಿನ ಮೇಲೆ ತಾನೇ ಸಾರಥಿಯಾಗಬೇಕು ಎಂದು ಹೊರಡುತ್ತಾನೆ. ಜಾಹೀರಾತಿನ ಫೋಟೊದಲ್ಲಿ ನೀರು ಚಿಮ್ಮಿಸುತ್ತಾ ಹೋಗುವ ಗಾಡಿ ಇರುತ್ತದಲ್ಲ, ಅದನ್ನು ಅವನು ಪೂರ್ತಿ ನಂಬಿಬಿಟ್ಟಿದ್ದಾನೆ. (ಆ ಚಿಮ್ಮುವ ನೀರು ಉಪ್ಪಾಗಿದ್ದರೆ ವಿಮೆ ಸಿಗುವುದಿಲ್ಲವೆಂದು ಫೋಟೊದ ಕೆಳಗೆ ಬರೆದಿರುವುದಿಲ್ಲ.)

ಅರಣ್ಯ ಸಿಬ್ಬಂದಿಯ, ದ್ವೀಪವಾಸಿಗಳ, ಬುಚುಲ್ಲಾ ಕಾವಲುಗಾರರ ಗಾಡಿಗಳ ಬಗ್ಗೆ ನನ್ನ ತಕರಾರಿಲ್ಲ; ಅವು ಕೆಲಸಕ್ಕೆ ಓಡುವ ಗಾಡಿಗಳು. ಪ್ರವಾಸಿಗಳ ಗಾಡಿಗೆ ದಿನಕ್ಕಿಷ್ಟೇ ಎಂಬ ಕಟ್ಟುನಿಟ್ಟಿನ ಮಿತಿ ಬರಬೇಕು, ಮೊದಲ ಕತ್ತರಿ ಬಾಡಿಗೆ ಗಾಡಿಗೆ ಬೀಳಬೇಕು. ಅದಕ್ಕೆ ವರ್ಷಗಟ್ಟಲೆ ಚರ್ಚೆ ಬೇಕು ಎನ್ನುವುದಾದರೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೀಚನ್ನು ಬಾಡಿಗೆ ಗಾಡಿಗಳಿಗೆ ಮುಚ್ಚುವುದನ್ನಾದರೂ ಈ ಬೇಸಿಗೆಗೇ ಮಾಡಬಹುದು. ತಮ್ಮ ಗಾಡಿ ಉಳಿಯಲಿ ಎಂದು ಎಷ್ಟೋ ಬಾಡಿಗೆ ಕಂಪನಿಗಳು ಕತ್ತಲಾದ ಮೇಲೆ ಓಡಿಸಕೂಡದು ಎಂದು ಕರಾರಿನಲ್ಲಿ ಆಗಲೇ ಬರೆಸಿಕೊಳ್ಳುತ್ತಿವೆ. ಅದೇ ಸಾಲನ್ನು ಸರ್ಕಾರ ಏಡಿ, ಆಮೆಗಳ ಹೆಸರಿನಲ್ಲಿ ಇನ್ನೊಮ್ಮೆ ಬರೆದರೆ ಯಾರ ಗಂಟೂ ಹೋಗುವುದಿಲ್ಲ.